ಗೊತ್ತಿರ್ಲಿಲ್ಲ ಅಂದ್ರ ಎಲ್ಲಾ ಮಾಫಿ ಆಗತೈತೇನ್ರಿ ಡಾಕ್ಟ್ರ?

ಪ್ರಶ್ನೆ: ನಮ್ದು ಬೀಳಗಿ ತಾಲೂಕಿನ ಒಂದು ಹಳ್ಳಿ. ನಾನು ವಿಜಯಪುರದಾಗ ಹಾಸ್ಟೆಲ್‌ನ್ಯಾಗ ಇದ್ದು ಡಿಗ್ರಿ ಓದಾಕತ್ತೀನಿ. ಹೋದ ವರ್ಷ ಮಳಿಗಾಲದಾಗ ನಮ್ಮ ಅಣ್ಣ ಪಡಸಾಲ್ಯಾಗ ಚಾಪಿ ಮ್ಯಾಲೆ ಮಲಗಿದ್ದ, ನಸುಕಿನ್ಯಾಗ ಎದ್ದು ಹೊಟ್ಟಿ ನೋವು ಅಂದ, ಆಮ್ಯಾಲೆ ಕಣ್ಣಿನ ರೆಪ್ಪಿ ಮ್ಯಾಲೆ ಏಳವಲ್ದು ಅಂದ. ಗಾಯ ಇಲ್ಲ, ಬಾವು ಇಲ್ಲ. ಹಾಸಿಗಿ ಝಾಡಿಸಿದ್ರ ಕರೀ ಹಾವು ಹೊರಗ ಬಂತು. ಬಾಜೂ ಓಣಿ ಆಶಾ ಅಕ್ಕ (ಊರಿನ ಆರೋಗ್ಯ ಕಾರ್ಯಕರ್ತೆ) ಓಡಿ ಬಂದು 108ಕ್ಕ ಹಚ್ರಿ ಅಂದ್ರು. ನಮ್ಮ ಕಾಕಾ "ಮೊದಲ ಮಂತ್ರ ಹಾಕ್ಸೂಣು, ಆಮ್ಯಾಲೆ ನೋಡೂಣು" ಅಂತ ಬೈಕಿನ ಮ್ಯಾಲೆ ನಡುವ ಕೂಡ್ರಿಸ್ಕೊಂಡು ಬ್ಯಾರೆ ಊರಿಗೆ ಒಯ್ದ. ಅಲ್ಲಿ ಬೇವಿನ ತಪ್ಪಲ ತಿನ್ನಿಸಿ, ಕಹಿ ಹತ್ತಿತು ಅಂದ ಕೂಡ್ಲೇ ವಿಷ ಇಳದೈತಿ ಅಂತ ಹೇಳಿ ಕಳಿಸ್ಯಾರ. ಮತ್ತ ಉಸಿರಾಟ ತ್ರಾಸ ಆಗಿ ಬಾಗಲಕೋಟೆ ಮುಟ್ಟೂದ್ರಾಗ ಮೂರು ತಾಸಿನ ಮ್ಯಾಲೆ ಹೋಗಿತ್ತು. ಇಂಜೆಕ್ಷನ್ ಕೊಟ್ರು, ಅಣ್ಣ ಉಳೀಲಿಲ್ಲ. ಈಗ ಕಾಕಾ ಚಾದಂಗಡ್ಯಾಗ ಕುಂತು "ಇಂಜೆಕ್ಷನ್ ಕೊಟ್ಟ ಮ್ಯಾಲೇ ಹುಡುಗ ಹ್ವಾದ" ಅಂತಾನ. ಮನ್ಯಾಗ ಎಲ್ಲಾರೂ ನನಗ "ಅಂವ ತಿಳೀದ ಮಾಡ್ಯಾನ, ಬಿಡು" ಅಂತಾರ. ನಮ್ಮ ಮಾವ ಅಂತೂ "ಅವ್ರವ್ರ ನಂಬಿಕಿ ಅವ್ರವ್ರಿಗೆ" ಅಂತಾನ. ತಿಳೀದ ಮಾಡಿದ್ರ ತಪ್ಪು ತಪ್ಪಲ್ಲೇನ್ರಿ? ಆವತ್ತ ಮುಂಜಾನಿ ಅವ್ವ ನನಗೂ ಫೋನ್ ಮಾಡಿದ್ಲು, ನಾನೂ ಕಾಕಾ ಹೇಳಿದಂಗ ಮಾಡ್ರಿ ಅಂದೆ. ಹಂಗಾರ ನಂದೂ ಮಾಫೀನಾ?

ಉತ್ತರ: ನಿಮ್ಮ ಪತ್ರದಾಗ ಮೂರು ಪ್ರಶ್ನೆ ಒಂದರೊಳಗೊಂದು ಸಿಕ್ಕೊಂಡಾವ. ಅಣ್ಣ ಉಳೀತಿದ್ನೋ ಇಲ್ಲೋ ಅನ್ನೋದು ಒಂದು, ಕಾಕಾನ "ಗೊತ್ತಿರ್ಲಿಲ್ಲ" ಅನ್ನೋ ಮಾತಿಗೆ ಎಷ್ಟು ಬೆಲಿ ಕೊಡಬೇಕು ಅನ್ನೋದು ಇನ್ನೊಂದು, ಮೂರನೇದು ನಿಮ್ದು, ಅದನ್ನ ನೀವು ಕಡೀಕ ಒಂದು ಸಾಲಿನ್ಯಾಗ ಬರದೀರಿ, ಆದ್ರ ಅದೇ ನಿಮಗ ನಿದ್ದಿಗೆಡಿಸಾಕತ್ತೈತಿ ಅಂತ ನನಗ ಅನಸತೈತಿ. ನಾನು ಬಾಗಲಕೋಟೆಯೊಳಗ ಫಿಜಿಶಿಯನ್, ಮಳಿಗಾಲ ಬಂತಂದ್ರ ಐಸಿಯುನ್ಯಾಗ ಹಾವು ಕಡದವರು ಇಲ್ಲದ ದಿನ ಕಡಿಮಿ, ಅದಕ್ಕ ಮೊದಲ ನನಗ ಗೊತ್ತಿದ್ದ ವಿಷಯದಿಂದ ಶುರು ಮಾಡ್ತೀನಿ.

ಕರೀ ಹಾವು, ರಾತ್ರಿ, ನೆಲದ ಮ್ಯಾಲೆ ಮಲಗಿದಾವ, ಗಾಯ ಕಾಣಂಗಿಲ್ಲ, ಬಾವು ಇಲ್ಲ, ನಸುಕಿನ್ಯಾಗ ಹೊಟ್ಟಿ ನೋವು, ಆಮ್ಯಾಲೆ ರೆಪ್ಪಿ ಇಳಿಬೀಳೋದು. ಇಷ್ಟು ಕೇಳಿದ್ರ ನಮಗ ಮೊದಲ ನೆನಪಾಗೋದು ಕಡಂಬಳ, ಕೆಲವು ಕಡೆ ಕಟ್ಟು ಹಾವು ಅಂತಾರ, ನಾವು ಕ್ರೈಟ್ ಅಂತೀವಿ. ಅದರ ಹಲ್ಲು ಬಾಳ ಸಣ್ಣು, ಕಡದದ್ದು ಎಷ್ಟೋ ಮಂದಿಗೆ ಗೊತ್ತೇ ಆಗಂಗಿಲ್ಲ, ಗುಂಗಾಡ ಕಡದಂಗ ಅನ್ನಿಸಿ ಮಗ್ಗಲ ಬದಲಿಸಿ ಮಲಗಿಬಿಡ್ತಾರ. ಅದರ ವಿಷ ನರದ ತುದಿಗೆ ಹೋಗಿ ಕುಂತು ಸ್ನಾಯುಗಳಿಗೆ ಸಂದೇಶ ಹೋಗೋದನ್ನ ನಿಲ್ಲಸತೈತಿ, ಮೊದಲ ರೆಪ್ಪಿ, ಆಮ್ಯಾಲೆ ನುಂಗೋದು, ಮಾತು, ಕಡೀಕ ಉಸಿರು. ಅಣ್ಣ ಹೋದದ್ದು ವಿಷ "ತಲಿಗೇರಿ" ಅಲ್ಲ, ಉಸಿರಾಡೋ ಸ್ನಾಯು ಸೋತು.

ಬೇವಿನ ತಪ್ಪಲದ ವಿಷಯಾನೂ ಹೇಳಿಬಿಡ್ತೀನಿ, ಯಾಕಂದ್ರ ಇದು ಈ ಭಾಗದಾಗ ಇನ್ನೂ ಐತಿ. ಬೇವು ಕಹಿ ಹತ್ತಿದ್ರ ವಿಷ ಇಲ್ಲ, ಮೆಣಸಿನಕಾಯಿ ಖಾರ ಹತ್ತಿದ್ರ ವಿಷ ಇಳದೈತಿ ಅಂತ ಪರೀಕ್ಷಾ ಮಾಡ್ತಾರ. ಕಡಂಬಳದ ವಿಷಕ್ಕೂ ನಾಲಿಗಿ ರುಚಿಗೂ ಏನೂ ಸಂಬಂಧ ಇಲ್ಲ. ವೆಂಟಿಲೇಟರ್ ಹಚ್ಚೋಕ ಅರ್ಧ ತಾಸು ಮೊದಲೂ ಮನಷ್ಯಾಗ ಬೇವು ಕಹಿ ಹತ್ತತೈತಿ. ಈ ಪರೀಕ್ಷಾ ಬರೇ ತಪ್ಪಾಗಿದ್ರ ಒಂದು ಮಾತು, ಇದು ತಪ್ಪು ಧೈರ್ಯ ಕೊಟ್ಟು ಮನಿಗೆ ಕಳಸತೈತಿ, ಅದು ಇದರೊಳಗಿನ ಘಾತಕ.

ಹಂಗಾರ ಸೀದಾ ಬಂದಿದ್ರ ಉಳೀತಿದ್ನಾ? ಪತ್ರ ಓದಿ ಖಂಡಿತ ಉಳೀತಿದ್ದ ಅಂತ ನಾ ಹೇಳಿದ್ರ ಅದು ವೈದ್ಯಕೀಯ ಅಲ್ಲ. ರಾತ್ರಿ ಯಾವಾಗ ಕಡೀತು ಗೊತ್ತಿಲ್ಲ, ಎಚ್ಚರ ಆಗೂದ್ರಾಗ ಒಂದಿಷ್ಟು ಹೊತ್ತು ಹೋಗೇ ಹೋಗಿತ್ತು. ವಿಷ ನರದ ತುದಿ ಕೆಡಿಸಿದ ಮ್ಯಾಲೆ ಇಂಜೆಕ್ಷನ್ನು ಆ ಕೆಟ್ಟದ್ದನ್ನ ವಾಪಸ್ ಸರಿ ಮಾಡಲಾರದು, ಮುಂದ ಕೆಡೋದನ್ನ ತಡೀತೈತಿ. ಆದ್ರ ಇನ್ನೊಂದು ಮಾತನ್ನೂ ಅಷ್ಟೇ ಸ್ಪಷ್ಟ ಹೇಳಬೇಕು, ಕಡಂಬಳ ಕಡದವರನ್ನ ಉಸಿರು ನಿಲ್ಲೂದ್ರೊಳಗ ವೆಂಟಿಲೇಟರ್ ಮ್ಯಾಲೆ ಇಟ್ಟು ಕೆಲವು ದಿನ ಕಾದ್ರ ನರ ತಾನ ಚೇತರಿಸ್ಕೋತಾವ, ನಡಕೊಂತ ಮನಿಗೆ ಹೋಗ್ತಾರ, ಅಂಥವ್ರನ್ನ ನಾವು ಕಣ್ಣಾರೆ ನೋಡೀವಿ. 108 ಗಾಡ್ಯಾಗ ಆಕ್ಸಿಜನ್ ಇರತೈತಿ, ಕೈಲೆ ಒತ್ತಿ ಉಸಿರು ಕೊಡೋ ಬ್ಯಾಗ್ ಇರತೈತಿ, ಬೈಕಿನ ಮ್ಯಾಲೆ ನಡುವ ಕುಂತವಗ ಅದ್ಯಾವುದೂ ಇಲ್ಲ. ಆ ಮೂರು ತಾಸು ಅಣ್ಣನ ಅವಕಾಶಾನ ಕಡಿಮಿ ಮಾಡ್ಯಾವ, ಇದರಾಗ ನನಗ ಸಂಶಯ ಇಲ್ಲ.

ಕಾಕಾ ಚಾದಂಗಡ್ಯಾಗ ಹೇಳೋ ಮಾತು, "ಇಂಜೆಕ್ಷನ್ ಕೊಟ್ಟ ಮ್ಯಾಲೇ ಹ್ವಾದ" ಅನ್ನೋದು, ಇದನ್ನ ನಾನು ಎಷ್ಟು ಊರಿನವರ ಬಾಯಾಗ ಕೇಳೀನಿ ಅಂದ್ರ ಇದು ಎಲ್ಲಿಂದ ಹುಟ್ಟತೈತಿ ಅಂತ ಈಗ ನನಗ ಗೊತ್ತೈತಿ. ನಮ್ಮ ಕಡೆ ಹೊಲ ಮನ್ಯಾಗ ಕಾಣೋ ಹಾವಿನ್ಯಾಗ ಹೆಚ್ಚಿನವು ವಿಷ ಇಲ್ಲದವು, ವಿಷದ ಹಾವು ಸಹ ಎಷ್ಟೋ ಸಲ ಕಡದು ವಿಷಾನೇ ಬಿಡಂಗಿಲ್ಲ. ಇಂಥಾವು ಕಡದವ್ರೆಲ್ಲಾ ಮಂತ್ರದವನ ಹತ್ರ ಹೋದ್ರ ಎಲ್ಲಾರೂ ಉಳೀತಾರ, ಅವನ ಹೆಸರು ಆಗತೈತಿ. ನಿಜವಾಗ್ಲೂ ವಿಷ ಏರಿದವರು ಅವನ ಹತ್ರ ಮೊದಲ ಹೋಗಿ, ಕೈ ಮೀರಿದಾಗ ಆಸ್ಪತ್ರೆಗೆ ಬರ್ತಾರ, ಅಲ್ಲಿ ಸಾಯ್ತಾರ. ಹಿಂಗಾಗಿ ಊರಿನ ಕಣ್ಣಿಗೆ ಕಾಣೋ ಲೆಕ್ಕ ಏನಂದ್ರ ಮಂತ್ರದ ಮನ್ಯಾಗ ಉಳದ್ರು, ಆಸ್ಪತ್ರ್ಯಾಗ ಸತ್ರು. ಮ್ಯಾಲೆ ನಮ್ಮ ಆ್ಯಂಟಿವೆನಮ್ಮು (ಆ ಇಂಜೆಕ್ಷನ್ನಿನ್ಯಾಗಿನ ವಿಷದ ಮದ್ದು) ಕುದುರಿ ರಕ್ತದಿಂದ ತಯಾರಾಗೋದು, ಕೆಲವರಿಗೆ ಅದು ಚಳಿ ನಡುಕ, ಮೈ ಮ್ಯಾಲೆ ದದ್ದು, ಒಮ್ಮೊಮ್ಮೆ ಬಿಪಿ ಇಳಿಯೋ ಅಲರ್ಜಿ ಸಹ ತರತೈತಿ, ಅದಕ್ಕ ಬಾಜೂಕ ಆ ಅಲರ್ಜಿಗೆ ಕೊಡೋ ಔಷಧ ಅಡ್ರಿನಲಿನ್ ಇಟ್ಕೊಂಡೇ ನಾವು ಶುರು ಮಾಡೋದು. ಗಾಜಿನ ಬಾಗಲದಿಂದ ಮಗ ಗಡಗಡ ನಡಗೋದನ್ನ ನೋಡಿದ ಮನಿಯವರಿಗೆ ಅದು ಇಂಜೆಕ್ಷನ್ನಿನ ಕೆಲಸ ಅಂತ ಅನ್ನಿಸಿದ್ರ ಆಶ್ಚರ್ಯ ಇಲ್ಲ. ಅವರಿಗೆ ಅದನ್ನ ಕುಂದ್ರಿಸಿ ಬಿಡಿಸಿ ಹೇಳೋ ಪುರಸೊತ್ತು ನಮ್ಮವರಿಗೂ ಬಾಳ ಸಲ ಇರಂಗಿಲ್ಲ.

ಇದನ್ನೆಲ್ಲಾ ಯಾಕ ಹೇಳಿದೆ ಅಂದ್ರ, ಕಾಕಾನ ನಂಬಿಕಿ ಹುಚ್ಚುತನದಿಂದ ಬಂದದ್ದಲ್ಲ, ಅಂವ ಕಣ್ಣಾರೆ ಕಂಡದ್ದರಿಂದ ಬಂದದ್ದು, ಕಂಡದ್ದರ ಅರ್ಥ ಮಾತ್ರ ತಪ್ಪು. ಹಾವು ಕಡದು ಸಾಯೋರ ಬಗ್ಗೆ ದೇಶದಾಗ ದೊಡ್ಡ ಅಧ್ಯಯನ ಒಂದು ಆಗೈತಿ, 2000ದಿಂದ 2019ರ ನಡುವ ಸುಮಾರು 12 ಲಕ್ಷ ಮಂದಿ, ವರ್ಷಕ್ಕ ಸರಾಸರಿ 58 ಸಾವಿರ, ಅದರಾಗ ಬಹುಪಾಲು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗ. ಇಷ್ಟು ಮಂದಿ ಮನ್ಯಾಗ ಒಬ್ಬೊಬ್ಬ ಕಾಕಾ ಇದ್ದಾನಂತ ತಿಳೀರಿ, ಎಲ್ಲಾರೂ ಕೆಟ್ಟವರಿರಾಕ ಸಾಧ್ಯ ಇಲ್ಲ.

ಆದ್ರ ಅಷ್ಟಕ್ಕ ಬಿಡಾಕ ಬರಂಗಿಲ್ಲ. ಗೊತ್ತಿಲ್ಲದೇ ಇರೋದು ಅಂದ್ರ ಎಲ್ಲಾ ಒಂದೇ ನಮೂನಿ ಅಲ್ಲ. ಯಾರೂ ಹೇಳಿಲ್ಲ, ಕೇಳೋಕ ದಾರಿನೂ ಇಲ್ಲ, ಅಂಥವಗ ನಾನು ಪೂರ್ತಿ ಮಾಫಿ ಕೊಡ್ತೀನಿ. ಮೂವತ್ತು ವರ್ಷದ ಹಿಂದ ದೂರದ ತಾಂಡಾದಾಗ, ಗಾಡಿ ಇಲ್ಲ, ಫೋನಿಲ್ಲ, ಹತ್ರದ ದವಾಖಾನ್ಯಾಗ ಔಷಧ ಇಲ್ಲ, ಅಂಥ ಹೊತ್ತಿನ್ಯಾಗ ಮಂತ್ರದವನ ಹತ್ರ ಹೋದವರಿಗೆ ನಾವು ಯಾರೂ ಏನೂ ಅನ್ನೋ ಹಕ್ಕಿಲ್ಲ. ಕಾಕಾನ ಹತ್ರ ಮಾತ್ರ ಆವತ್ತ ಮುಂಜಾನಿ ಒಬ್ಬಾಕಿ ತಿಳಿದಾಕಿ ನಿಂತಿದ್ಲು. ಆಶಾ ಅಕ್ಕ 108 ಅಂದ್ಲು. ಅಂವ ಅಕೀ ಮಾತು ಕೇಳಿ, ತೂಗಿ, ಬಿಟ್ಟ. ಯಾಕ ಬಿಟ್ಟ ಅನ್ನೋದನ್ನ ನೀವೇ ಯೋಚನೆ ಮಾಡ್ರಿ, ಅಕಿ ಹೆಣ್ಣಮಗಳು ಅಂತನಾ, ಓಣಿ ಹುಡುಗಿ ಅಕಿಗೇನ್ ಗೊತ್ತು ಅಂತನಾ? ನನ್ನ ಅನುಭವದಾಗ ಬಾಳ ಸಲ ಕಾರಣ ಇದೇ ಇರತೈತಿ. ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಾರದ್ದಕ್ಕ "ಗೊತ್ತಿರ್ಲಿಲ್ಲ" ಅನ್ನೋ ಹೆಸರು ಪೂರ್ತಿ ಹೊಂದಂಗಿಲ್ಲ. ಅರ್ಧ ಹೊಂದತೈತಿ, ಯಾಕಂದ್ರ ಅಂವ ಗಾಬರ್ಯಾಗಿದ್ದ, ಅಣ್ಣನ್ನ ಉಳಿಸಬೇಕಂತಲೇ ಬೈಕ್ ತಗದ, ಆ ಪ್ರೀತಿ ಸುಳ್ಳಲ್ಲ. ಆವತ್ತಿನ ಕೆಲಸಕ್ಕ ನಾನಾಗಿದ್ರ ಅವನ್ನ ಪಾಪಿ ಅನ್ನಲಾರೆ, ನಿರಪರಾಧಿ ಅಂತನೂ ಅನ್ನಲಾರೆ.

ಕಾನೂನು ಸಹ ಹೆಚ್ಚೂಕಡಿಮಿ ಹಿಂಗೇ ನೋಡತೈತಿ. ಕಾನೂನು ಗೊತ್ತಿರ್ಲಿಲ್ಲ ಅನ್ನೋದು ನೆಪ ಅಲ್ಲ, ಸಂಗತಿ ಗೊತ್ತಿರ್ಲಿಲ್ಲ ಅನ್ನೋದು ನೆಪ ಆಗಬಹುದು, ಆದ್ರ ಸದ್ಭಾವನೆಯಿಂದ ಮಾಡಿರಬೇಕು. ಹಳೇ ದಂಡ ಸಂಹಿತೆಯೊಳಗೂ ಇತ್ತು, 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯೊಳಗೂ ಐತಿ, ತಕ್ಕಷ್ಟು ಕಾಳಜಿ ಎಚ್ಚರಿಕೆ ಇಲ್ಲದೇ ಮಾಡಿದ್ದನ್ನ ಸದ್ಭಾವನೆ ಅಂತ ಕರಿಯಂಗಿಲ್ಲ. ಮನಸ್ಸು ಚಲೋ ಇತ್ತು ಅನ್ನೋದೊಂದೇ ಸಾಲಂಗಿಲ್ಲ ಅಂತ ಅರ್ಥ.

ಬೇವು ತಿನ್ನಿಸಿದವನ ಮಾತು ಬ್ಯಾರೆ. ನಿಮ್ಮ ಸಿಟ್ಟೆಲ್ಲಾ ಕಾಕಾನ ಮ್ಯಾಲೆ ಐತಿ, ಈ ಮನಷ್ಯಾನ ಬಗ್ಗೆ ಪತ್ರದಾಗ ಒಂದೇ ಸಾಲು, ಅದು ನನಗ ಸರಿ ಅನಸಲಿಲ್ಲ. ಅಂವ ತನ್ನ ಹತ್ರ ಬಂದವರು ಆಮ್ಯಾಲೆ ಏನಾದ್ರು ಅಂತ ವರ್ಷಗಟ್ಟಲೆ ನೋಡಿದವ. ಮಂದಿ ತನ್ನನ್ನ ನಂಬಿ ಜೀವ ಕೈಯಾಗ ಇಡ್ತಾರ ಅಂತ ಗೊತ್ತಿದ್ದೂ ಕುಂತವ. ಯಾರ ಮ್ಯಾಲೆ ಬ್ಯಾರೆಯವರ ಜೀವ ನಿಂತಿರತೈತೋ ಅವರಿಗೆ ಗೊತ್ತಿರ್ಲಿಲ್ಲ ಅನ್ನೋ ಸೌಲಭ್ಯ ಕಡಿಮಿ ಆಗಬೇಕು, ಇದು ನಮಗೂ ಲಾಗೂ. ಕಡಂಬಳ ಕಡದ ಹುಡುಗಗ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಮನಿಗೆ ಕಳಿಸಿದ ಡಾಕ್ಟರ್ ಇದ್ರ ಅಂವ ನನಗ ಗೊತ್ತಾಗಲಿಲ್ಲ ಅಂತ ಹೇಳಿ ಕೈ ತೊಳ್ಕೊಳ್ಳಂಗಿಲ್ಲ, ಮಳಿಗಾಲದಾಗ ನಸುಕಿನ ಹೊಟ್ಟಿ ನೋವಿಗೆ ರೆಪ್ಪಿ ನೋಡಬೇಕು ಅನ್ನೋದು ಅಂವ ಕಲೀಲೇಬೇಕಾದ ಪಾಠ. 1996ರಾಗ ಸುಪ್ರೀಂ ಕೋರ್ಟಿನ ಮುಂದ ಒಂದು ಕೇಸ್ ಬಂದಿತ್ತು, ಹೋಮಿಯೋಪತಿ ಕಲಿತವ ಜ್ವರಕ್ಕ ಅಲೋಪತಿ ಔಷಧ ಕೊಟ್ಟು ರೋಗಿ ತೀರಿಕೊಂಡಿದ್ರು, ತನಗ ಗೊತ್ತಿಲ್ಲದ ಪದ್ಧತಿಯೊಳಗ ಚಿಕಿತ್ಸೆ ಕೊಡೋದೇ ನಿರ್ಲಕ್ಷ್ಯ ಅಂತ ಕೋರ್ಟ್ ಹೇಳ್ತು. ನಮ್ಮ ರಾಜ್ಯದಾಗ ಇದಕ್ಕಂತಲೇ ಕಾಯ್ದೆ ಐತಿ, ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ, 2017ರದು, 2020ರಿಂದ ಜಾರಿ ಆಗೈತಿ. ಹಾವು, ಚೇಳು, ನಾಯಿ ಕಡದವರಿಗೆ ವೈದ್ಯಕೀಯ ಚಿಕಿತ್ಸೆ ತಡದು ಮಂತ್ರ ತಂತ್ರ ಮಾಡೋದು ಅದರ ಪಟ್ಟಿಯೊಳಗ ಹೆಸರಿಟ್ಟು ಹೇಳ್ಯಾರ, ಶಿಕ್ಷೆ ಒಂದು ವರ್ಷದಿಂದ ಏಳು ವರ್ಷದ ತನಕ ಐತಿ.

ಈಗ ನಿಮ್ಮ ಮಾವ ಹೇಳಿದ "ಅವ್ರವ್ರ ನಂಬಿಕಿ" ಅನ್ನೋ ಮಾತು. ಇದನ್ನ ನಾ ಒಪ್ಪಂಗಿಲ್ಲ. ಕಾಕಾ ಮನ್ಯಾಗ ಕುಂತು ಮಂತ್ರದಾಗ ಶಕ್ತಿ ಐತಿ ಅಂತ ನಂಬಿದ್ರ ನಂಬ್ಲಿ, ಅದು ಅವನ ಮನಸ್ಸು. ಚಾದಂಗಡ್ಯಾಗ ಇಂಜೆಕ್ಷನ್ನಿಂದ ಸತ್ತ ಅಂತ ಹೇಳಿದ್ರ ಅದು ಬರೇ ನಂಬಿಕಿ ಅಲ್ಲ, ಕೇಳಿದವರ ಮನ್ಯಾಗ ನಾಳೆ ರಾತ್ರಿ ಯಾರನ್ನ ಎಲ್ಲಿಗೆ ಒಯ್ಯಬೇಕು ಅನ್ನೋ ಸಲಹಾ. ಆ ನಸುಕಿನ್ಯಾಗ ಅವಗ ಗೊತ್ತಿರ್ಲಿಲ್ಲ ಅಂತ ಇಟ್ಕೊಂಡ್ರೂ ಈಗ ತಿಳ್ಕೊಳ್ಳಾಕ ಒಂದು ವರ್ಷ ಸಿಕ್ಕೈತಿ, ಆಶಾ ಅಕ್ಕ ಬಾಜೂ ಓಣ್ಯಾಗ ಇದ್ದಾಳ, ಡಾಕ್ಟರ್ ಹೇಳಿದ್ದೂ ಕಿವಿಗೆ ಬಿದ್ದಿರಬೇಕು. ನನ್ನ ಲೆಕ್ಕದಾಗ ಆವತ್ತಿನ ತಪ್ಪಿಗಿಂತ ಇವತ್ತಿನ ಮಾತು ದೊಡ್ಡದು, ನೀವು ಸಿಟ್ಟಾಗೋದಿದ್ರ ಇದಕ್ಕ ಆಗ್ರಿ.

ಆದ್ರ ಅಂವ ಯಾಕ ಹಂಗ ಹೇಳ್ತಾನ ಅನ್ನೋದು ತಿಳೀದ ಅವನ ಹತ್ರ ಮಾತಾಡಾಕ ಹೋಗಬ್ಯಾಡ್ರಿ. ಐಸಿಯು ಹೊರಗಿನ ಕಾರಿಡಾರಿನ್ಯಾಗ ನಾನು ಇದನ್ನ ಮತ್ತ ಮತ್ತ ನೋಡೀನಿ, ರೋಗಿ ಹ್ವಾದ ಅಂತ ಹೇಳಿದ ಗಳಿಗ್ಯಾಗ ಎಲ್ಲಾರೂ ಅಳ್ತಾರ, ಒಬ್ಬ ಮಾತ್ರ ಅಳದ ನಮ್ಮ ಮ್ಯಾಲೆ ಏರಿ ಬರ್ತಾನ, ನೀವ ಕೊಂದ್ರಿ ಅಂತಾನ. ಆಮ್ಯಾಲೆ ವಿಚಾರಿಸಿದ್ರ ಬಾಳ ಸಲ ಅಂವನೇ ಮೊದಲ ಬ್ಯಾರೆ ಕಡೆ ಒಯ್ದಾವ, ಇಲ್ಲಾ ನಾಳೆ ನೋಡೂಣು ಅಂದಾವ. ಇಂಜೆಕ್ಷನ್ ಕೊಂದಿಲ್ಲ ಅಂತ ಕಾಕಾ ಒಪ್ಪಿದ್ರ ಅದರ ಮುಂದಿನ ಮಾತು ಏನು ಅಂತ ಅವಗ ಗೊತ್ತೈತಿ, ಅಣ್ಣನ ಮಗನ್ನ ನಾನ ಕಳಕೊಂಡೆ ಅನ್ನೋದು. ಆ ಮಾತಿನ ಜೋಡಿ ಬದುಕೋದು ಬಾಳ ಕಠಿಣ, ಅದಕ್ಕ ಅಂವ ದಿನಾ ಚಾದಂಗಡ್ಯಾಗ ಹೋಗಿ ಇಂಜೆಕ್ಷನ್ ಅಂತ ಹೇಳ್ಕೋಬೇಕು. ತಿಳುವಳಿಕಿ ಕಡಿಮಿ ಇದ್ದು ಹೇಳೋದಕ್ಕ ತಿಳಿಸಿ ಹೇಳಿದ್ರ ಸಾಕು, ಅಂಜಿಕಿಯಿಂದ ಹೇಳೋದಕ್ಕ ಎಷ್ಟು ತಿಳಿಸಿದ್ರೂ ಒಳಗ ಇಳಿಯಂಗಿಲ್ಲ, ಮೊದಲ ಆ ಅಂಜಿಕಿ ಕಡಿಮಿ ಆಗಬೇಕು.

ನಿಮ್ಮ ಮುಂದ ಇರೋ ದಾರಿ ಹೇಳ್ತೀನಿ, ಒಂದೂ ಸರಳ ಇಲ್ಲ. ಮಾತು ಬಿಟ್ಟು ದೂರ ಆಗಬಹುದು, ನಿಮಗ ಸ್ವಲ್ಪ ದಿನ ಸಮಾಧಾನ ಸಿಗತೈತಿ, ಆದ್ರ ಮನ್ಯಾಗ ಅವನ ಮಾತಿಗೆ ಎದರು ಮಾತೇ ಇರಂಗಿಲ್ಲ, ಅಂವ ಇನ್ನೂ ಗಟ್ಟಿ ಆಗ್ತಾನ, ಅವ್ವ ನಡುವ ಸಿಗ್ತಾಳ. ಮನಿಯವರು ಹೇಳಿದಂಗ ತಿಳೀದ ಮಾಡ್ಯಾನ ಅಂತ ಸುಮ್ನ ಬಿಡೋದು, ಇದು ನೋಡಾಕ ದೊಡ್ಡ ಮನಸ್ಸು ಅನಸತೈತಿ, ನನಗ ಇದೇ ಎಲ್ಲಾದಕ್ಕಿಂತ ಅಪಾಯ ಅನಸತೈತಿ, ಯಾಕಂದ್ರ ಮುಂದಿನ ಮಳಿಗಾಲಕ್ಕ ಅದೇ ಊರಾಗ ಇನ್ನೊಬ್ಬರ ಮಗ ನೆಲದ ಮ್ಯಾಲೆ ಮಲಗಿರ್ತಾನ. ಪೊಲೀಸ್ ದಾರಿನೂ ಐತಿ, ಮುಖ್ಯವಾಗಿ ಮಂತ್ರದವನ ಮ್ಯಾಲೆ. ಒಂದು ವರ್ಷ ಆಗೈತಿ, ಪೋಸ್ಟ್‌ಮಾರ್ಟಮ್ ಆಗೈತಿಲ್ಲೋ ನೀವು ಬರದಿಲ್ಲ, ಆಗದಿದ್ರ ಸಾಕ್ಷಿ ಕಷ್ಟ, ಮ್ಯಾಲೆ ಕಾಕಾನ್ನೇ ಸಾಕ್ಷಿಗೆ ಕರೀತಾರ, ಅಂವ ಏನ್ ಹೇಳ್ತಾನ ಅಂತ ನೀವೇ ಊಹಿಸ್ರಿ. ಆದ್ರೂ ವಿಚಾರ ಮಾಡೋದಿದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಕೇಳ್ರಿ, ಹೆಣ್ಣಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ವಕೀಲರ ನೆರವು ಪುಕ್ಕಟೆ, 15100ಕ್ಕ ಫೋನ್ ಮಾಡಿದ್ರೂ ನಡೀತೈತಿ, ನಾನು ವಕೀಲ ಅಲ್ಲ, ಅವರ ಮಾತೇ ಪಕ್ಕಾ.

ನಾನು ಹೇಳೋದು ಇನ್ನೊಂದು. ಕಾಕಾನ ಕಡೆಯಿಂದ ಕ್ಷಮಾ ಕೇಳಿಸೋಕ ಹೋಗಬ್ಯಾಡ್ರಿ, ಸಿಗಂಗಿಲ್ಲ, ಸಿಕ್ರೂ ಅದರಿಂದ ಊರಿಗೆ ಉಪಯೋಗ ಇಲ್ಲ. ಚಾದಂಗಡ್ಯಾಗ, ಮಂದಿ ಮುಂದ, ಹಬ್ಬದಾಗ ಎತ್ತಬ್ಯಾಡ್ರಿ. ಅಂವ ಒಬ್ಬನ ಇದ್ದಾಗ, ಸಾಧ್ಯ ಆದ್ರ ಆಶಾ ಅಕ್ಕನ್ನೂ ಕರ್ಕೊಂಡು, ಮೊದಲ ನಿಮ್ಮ ಮಾತು ಹೇಳ್ರಿ, "ಕಾಕಾ, ನಾನೂ ಫೋನಿನ್ಯಾಗ ನೀ ಹೇಳಿದಂಗ ಮಾಡ್ರಿ ಅಂದಿದ್ದೆ, ನನಗೂ ಗೊತ್ತಿರ್ಲಿಲ್ಲ, ಈಗ ಗೊತ್ತಾಗೈತಿ" ಅಂತ. ಆಮ್ಯಾಲೆ ಒಂದೇ ಒಂದು ಕೇಳ್ರಿ, ಮುಂದ ಊರಾಗ ಯಾರಿಗರ ಹಾವು ಕಡದ್ರ ಮೊದಲ 108 ಅಂತ ನೀ ಹೇಳಬೇಕು. ಮಂತ್ರ ಬ್ಯಾಡ ಅಂತ ಹೇಳು ಅಂತನೂ ಕೇಳಬ್ಯಾಡ್ರಿ, ಮಂತ್ರ ಹಾಕೋದಿದ್ರ ಗಾಡಿ ಬರೋತನಕ ಹಾಕ್ಲಿ, ಗಾಡ್ಯಾಗ ಕುಂತು ಹಾಕ್ಲಿ, ತಡ ಆಗಬಾರದು ಅಷ್ಟೇ. ಅಂವ ಎದ್ದು ಹೋಗಬಹುದು, ಬೈಬಹುದು, ಆ ಅಪಾಯ ಐತಿ. ಹಂಗಾದ್ರ ಒತ್ತಾಯ ಮಾಡಬ್ಯಾಡ್ರಿ, ಆದ್ರ ಆಮ್ಯಾಲೆ ಅಂವ ಚಾದಂಗಡ್ಯಾಗ ಇಂಜೆಕ್ಷನ್ ಮಾತು ಎತ್ತಿದ್ರ ನೀವಾಗಲಿ ಅಪ್ಪ ಆಗಲಿ ಅಲ್ಲೇ, ದನಿ ಏರಿಸದ, ಹಂಗಲ್ಲ ಅಂತ ತಿದ್ದಬೇಕು, ಅದಕ್ಕ ಸಂಕೋಚ ಬ್ಯಾಡ.

ನಿಮ್ಮ ಫೋನಿನ ವಿಷಯ. ಅವ್ವ ನಿಮಗ ಏನ್ ಹೇಳಿದ್ಲು, ಹೊಟ್ಟಿ ನೋವು ಅಂದ್ಲಾ, ಹಾವು ಅಂದ್ಲಾ, ನೀವು ಬರದಿಲ್ಲ. ಏನೇ ಇರ್ಲಿ, ದೂರದ ಹಾಸ್ಟೆಲ್‌ನ್ಯಾಗ ನಿದ್ದಿಗಣ್ಣಿನ್ಯಾಗ, ಗಾಬರಿ ದನಿ ಕೇಳಿ, ಮನ್ಯಾಗ ಹಿರಿಯಾವ ಇದ್ದಾನ ಅಂತ ಅವನ ಮ್ಯಾಲೆ ಬಿಟ್ರಿ. ನಿಮ್ಮ ಬಾಜೂಕ ಆಶಾ ಅಕ್ಕ ನಿಂತಿರ್ಲಿಲ್ಲ, 108 ಅಂತ ಯಾರೂ ನಿಮಗ ಹೇಳಿರ್ಲಿಲ್ಲ. ಕಾಕಾಗ ಹಿಡಿದ ಅಳತೀನ ನಿಮಗೂ ಹಿಡಿದೇ ಹೇಳಾಕತ್ತೀನಿ, ಆ ಅಳತ್ಯಾಗ ನೀವು ಬಾಳ ಹಗುರ ಇದ್ದೀರಿ. ಈಗ ನಿಮಗ ತಿಳದೈತಿ, ಇದರ ಮ್ಯಾಲೆ ಸುಮ್ನ ಕುಂತ್ರ ಮಾತ್ರ ಆ ತೂಕ ಏರತೈತಿ. ನಿದ್ದಿ ಬರಲಾರದಂಗ ಆಗಿ ತಿಂಗಳುಗಟ್ಟಲೆ ಆಗಿದ್ರ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕ ಒಮ್ಮೆ ಹೋಗಿ ಬರ್ರಿ, ನಾಚಿಕಿ ಪಡೋ ಕೆಲಸ ಅಲ್ಲ.

ಕಾಕಾನ ಮುಂದ ಹೇಳಾಕ, ಹಾಸ್ಟೆಲ್ ಗೆಳತ್ಯಾರಿಗೆ ಹೇಳಾಕ ಇಷ್ಟು ತಲ್ಯಾಗ ಇಟ್ಕೋರಿ. ಹಗ್ಗ ಬಿಗೀಬಾರದು, ಬ್ಲೇಡಿಲೆ ಕೊಯ್ಯಬಾರದು, ಬಾಯಿಲೆ ಹೀರಬಾರದು, ಹಗ್ಗ ಬಿಗಿದ ಕಾಲು ಕೊಳತು ಕತ್ತರಿಸೋ ಹಂತಕ್ಕ ಬರೋದನ್ನ ನಾವು ನೋಡ್ತೀವಿ. ಕಡದ ಕೈ ಕಾಲು ಅಲ್ಲಾಡದಂಗ ಕಟಗಿ ಕಟ್ಟಿ, ನಡಸದ, ಮಲಗಿಸಿ ಕರ್ಕೊಂಡು ಬರ್ರಿ. ಹಾವು ಹಿಡೀಬ್ಯಾಡ್ರಿ, ಕೊಂದು ತರಬ್ಯಾಡ್ರಿ, ನಾಗರಹಾವು, ಕಡಂಬಳ, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಔಷಧ ಒಂದೇ, ಸರ್ಕಾರಿ ಆಸ್ಪತ್ರ್ಯಾಗ ಅದು ಪುಕ್ಕಟೆ. 2024ರ ಫೆಬ್ರುವರಿಯಿಂದ ನಮ್ಮ ರಾಜ್ಯದಾಗ ಹಾವು ಕಡದ ಪ್ರತಿ ಕೇಸನ್ನ ಆಸ್ಪತ್ರೆಯವರು ಸರ್ಕಾರಕ್ಕ ತಿಳಿಸಲೇಬೇಕು, ಖಾಸಗಿಯವರೂ ಸಹ. ಅವ್ವ ಅಪ್ಪ ಈಗಲೂ ಪಡಸಾಲಿ ನೆಲದ ಮ್ಯಾಲೆ ಮಲಗ್ತಿದ್ರ ಮಳಿ ಹತ್ತೂದ್ರೊಳಗ ಒಂದು ಮಂಚ, ಒಂದು ಸೊಳ್ಳಿ ಪರದೆ ತಂದು ಅದರ ಅಂಚು ಹಾಸಿಗಿ ಕೆಳಗ ತೂರಿಸಿ ಕಟ್ರಿ. ಆಶಾ ಅಕ್ಕನ ನಂಬರ್ ಕಾಕಾನ ಫೋನಿನ್ಯಾಗೂ ಸೇವ್ ಮಾಡಿಕೊಡ್ರಿ.